ಕೊಲೆಗಾರ ಯಾರೆಂದು ಗೊತ್ತಿದ್ದ ಮೇಲೂ

2020ರ ಮಾರ್ಚ್ ಕೊನೆಯಲ್ಲಿ ದೇಶವೆಲ್ಲ ಬಾಗಿಲು ಹಾಕಿಕೊಂಡು ಕೂತಾಗ ದೂರದರ್ಶನ ತನ್ನ ಹಳೆಯ ಪೆಟ್ಟಿಗೆ ತೆರೆಯಿತು. ರಾಮಾಯಣ, ಮಹಾಭಾರತಗಳ ಜೊತೆಗೆ ಅದರೊಳಗಿಂದ ಬಂದದ್ದು ‘ಬ್ಯೋಮಕೇಶ್ ಬಕ್ಷಿ’. ಮೊದಲಿನ ಎರಡಕ್ಕೆ ಯಾರೂ ಕಾರಣ ಕೇಳಲಿಲ್ಲ. ಪುರಾಣದ ಕತೆಯನ್ನು ಎಷ್ಟು ಸಲ ಕೇಳಿದರೂ ಪುಣ್ಯವೇ. ಆದರೆ 1993ರಲ್ಲಿ ಮೊದಲ ಸಲ ಬಂದ ಪತ್ತೇದಾರಿ ಧಾರಾವಾಹಿಯನ್ನು ಮತ್ತೆ ನೋಡುವುದೆಂದರೇನು? ಅದರ ಒಬ್ಬೊಬ್ಬ ಕೊಲೆಗಾರನೂ ದಶಕಗಳ ಹಿಂದೆಯೇ ಸಿಕ್ಕಿಬಿದ್ದವನು. ಗುಟ್ಟು ರಟ್ಟಾದ ಮೇಲೆ ಪತ್ತೇದಾರಿ ಕತೆಯಲ್ಲಿ ಉಳಿಯುವುದೇನೆಂದು ಕೇಳುವವರು ಬಹಳ. ನನ್ನ ಮಟ್ಟಿಗೆ ಮುಕ್ಕಾಲು ಪಾಲು ಆಮೇಲೆಯೇ ಸಿಗುತ್ತದೆ. ಗುಟ್ಟೊಂದೇ ಬಂಡವಾಳವಾದ ಧಾರಾವಾಹಿ ಒಂದು ಸಲಕ್ಕೆ ಮುಗಿಯುತ್ತದೆ. ಗುಟ್ಟನ್ನು ಕಟ್ಟಿದ ಕೈಚಳಕವೂ ಇದ್ದರೆ ಅದು ಮುಗಿಯುವುದಿಲ್ಲ. ಹಳೆಯ ಕತೆಗಳನ್ನು ಆಧರಿಸಿದ ಧಾರಾವಾಹಿಗಳ ಮೇಲಿನ ಪ್ರೀತಿಯ ಬೇರು ಅಲ್ಲಿದೆ.

ಇದನ್ನು ನಮ್ಮ ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿ ಕಡೆಯ ನೋಡುಗರಿಗೆ ಬಿಡಿಸಿ ಹೇಳಬೇಕಾಗಿಯೇ ಇಲ್ಲ. ದೊಡ್ಡಾಟಕ್ಕೆ ರಾತ್ರಿಯೆಲ್ಲ ಎದ್ದು ಕೂರುವ ಮಂದಿಗೆ ಕೀಚಕ ಸಾಯುತ್ತಾನೆಂಬುದು ಗೊತ್ತಿರುತ್ತದೆ. ಈ ಸಲದ ಕೀಚಕ ಹೇಗೆ ಸಾಯುತ್ತಾನೆ, ಸಾಯುವ ಮುನ್ನ ಎಷ್ಟು ಮೆರೆಯುತ್ತಾನೆ ಎಂದು ನೋಡಲು ಅವರು ಬಂದಿರುತ್ತಾರೆ. ಟಿ.ವಿ.ಯೂ ಈ ಸೀಮೆಗೆ ಮೊದಲು ಬಂದದ್ದು ಒಟ್ಟಿಗೆ ಕೂತು ನೋಡುವ ವಸ್ತುವಾಗಿಯೇ. 1975ರ ಆಗಸ್ಟ್‌ನಿಂದ ಒಂದು ವರ್ಷ ನಡೆದ ಉಪಗ್ರಹ ಶೈಕ್ಷಣಿಕ ದೂರದರ್ಶನ ಪ್ರಯೋಗ, ಅಂದರೆ ‘ಸೈಟ್’, ಕರ್ನಾಟಕದಲ್ಲಿ ಆರಿಸಿಕೊಂಡದ್ದು ಗುಲ್ಬರ್ಗಾ (ಇಂದಿನ ಕಲಬುರಗಿ), ರಾಯಚೂರು, ವಿಜಾಪುರ ಜಿಲ್ಲೆಗಳ ಹಳ್ಳಿಗಳನ್ನು. ಊರಿಗೊಂದು ಪೆಟ್ಟಿಗೆ, ಅದರ ಮುಂದೆ ಊರು. 1977ರಲ್ಲಿ ಗುಲ್ಬರ್ಗಾದಲ್ಲಿ ಪ್ರಸಾರ ಕೇಂದ್ರ ಶುರುವಾಯಿತು. ಬೆಂಗಳೂರಿಗೆ ದೂರದರ್ಶನ ಬಂದದ್ದು 1981ರಲ್ಲಿ. ರಾಜಧಾನಿಗಿಂತ ಮೊದಲು ಟಿ.ವಿ. ಕಂಡ ಜಿಲ್ಲೆ ಇದು ಎಂಬುದನ್ನು ಬೆಂಗಳೂರಿನವರು ನಂಬುವುದು ಕಷ್ಟ, ಇರಲಿ.

ಮತ್ತೆ ಬ್ಯೋಮಕೇಶನಿಗೆ ಬಂದರೆ, ಬಂಗಾಳದ ಕತೆ, ಹಿಂದಿಯ ಮಾತು, ನೋಡುವವರು ಕನ್ನಡಿಗರು. ಇದೆಂಥ ಪ್ರೀತಿ ಎಂಬ ಆಕ್ಷೇಪ ಮೊದಲು ಬರುತ್ತದೆ. ಹಳೆ ಮೈಸೂರಿನಲ್ಲಿ ಈ ಪ್ರಶ್ನೆಗೆ ತೂಕವಿದೆ, ಇಲ್ಲಿ ಕಡಿಮೆ. 1948ರವರೆಗೆ ನಿಜಾಮನ ಆಡಳಿತದಲ್ಲಿದ್ದು, ಸಂತೆಯಲ್ಲಿ ಕನ್ನಡ, ದಖನಿ ಎರಡನ್ನೂ ಆಡಿಕೊಂಡು ಬಂದ ಸೀಮೆಗೆ ಹಿಂದಿ ಧಾರಾವಾಹಿಯ ಮಾತು ಕಿವಿಗೆ ಹೊಸದಲ್ಲ. ಆಳಂದ, ಅಫಜಲಪುರಗಳಿಗೆ ಮಹಾರಾಷ್ಟ್ರದ ಗಡಿ ಪಕ್ಕದ್ದೇ. ಗಾಣಗಾಪುರದ ದತ್ತನ ಗುಡಿಯಲ್ಲಿ ಮರಾಠಿ ಕೇಳದ ದಿನವಿಲ್ಲ. ಇನ್ನು ಪತ್ತೇದಾರಿ ಕತೆಯ ರುಚಿಗೆ ಸುತ್ತಲಿನ ಮೂರೂ ಭಾಷೆಗಳಲ್ಲಿ ಅಡಿಪಾಯವಿತ್ತು. ಉರ್ದುವಿನಲ್ಲಿ ಇಬ್ನೆ ಸಫಿಯ ‘ಜಾಸೂಸಿ ದುನಿಯಾ’ 1952ರಲ್ಲಿ ಶುರುವಾಗಿತ್ತು. ಮರಾಠಿಯ ಬಾಬೂರಾವ್ ಅರ್ನಾಳ್ಕರ್ ಸಾವಿರಕ್ಕೂ ಹೆಚ್ಚು ರಹಸ್ಯಕತೆಗಳನ್ನು ಬರೆದವರು. ಕನ್ನಡದಲ್ಲಿ ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮ ಐದಾರು ದಶಕಗಳ ಹಿಂದೆಯೇ ಮನೆಮಾತು. ಬಂಗಾಳಿ ಕತೆ ಕನ್ನಡಿಗರಿಗೆ ದೂರ ಎನ್ನುವವರು ಬಿ. ವೆಂಕಟಾಚಾರ್ಯರನ್ನು ಮರೆತಿರಬೇಕು. ಬಂಕಿಮಚಂದ್ರರನ್ನು ಅವರು ಕನ್ನಡಕ್ಕೆ ತಂದು ನೂರು ವರ್ಷದ ಮೇಲಾಯಿತು.

ಈಗ ಕೈಚಳಕದ ಮಾತು. ಧಾರಾವಾಹಿಯ ಮೊದಲ ಕಂತು ‘ಸತ್ಯಾನ್ವೇಷಿ’. ಕಲ್ಕತ್ತೆಯ ಒಂದು ಮೆಸ್ಸು, ಅಲ್ಲಿ ಬಾಡಿಗೆಗಿರುವ ನಾಲ್ಕಾರು ಗಂಡಸರು, ಅಕ್ಕಪಕ್ಕದಲ್ಲಿ ಕೊಕೇನಿನ ಗುಸುಗುಸು, ಆಮೇಲೆ ಹೆಣ. ಲೇಖಕ ಅಜಿತನ ಕೋಣೆಗೆ ಅತುಲನೆಂಬ ಕೆಲಸವಿಲ್ಲದ ಹುಡುಗ ಬಂದು ಸೇರುತ್ತಾನೆ. ಅವನೇ ಬ್ಯೋಮಕೇಶ. ಮೊದಲ ಸಲ ನೋಡುವಾಗ ನಮ್ಮ ಕಣ್ಣು ಇವನ ಮೇಲಿರುತ್ತದೆ. ಎರಡನೆಯ ಸಲ ಕಣ್ಣು ತಾನಾಗಿಯೇ ಕೊಲೆಗಾರನ ಮೇಲೆ ಹೋಗುತ್ತದೆ. ಅವನು ಯಾವಾಗ ನಗುತ್ತಾನೆ, ಯಾರ ಮಾತನ್ನು ನಡುವೆ ತುಂಡರಿಸುತ್ತಾನೆ, ಸತ್ತವನ ಸುದ್ದಿ ಬಂದಾಗ ಅವನ ಕೈ ಏನು ಮಾಡುತ್ತಿತ್ತು! ಒಂದೇ ಸೂರಿನ ಕೆಳಗೆ ಇಬ್ಬರು ವೇಷಧಾರಿಗಳು ಒಬ್ಬರನ್ನೊಬ್ಬರು ಅಳೆಯುತ್ತಿದ್ದಾರೆ ಎಂಬುದು ಗೊತ್ತಾದಾಗ ಅದೇ ಕಂತು ಬೇರೆಯೇ ನಾಟಕವಾಗುತ್ತದೆ. ಇದೇ ಮೆಸ್ಸಿನ ಕತೆಯನ್ನು ಎತ್ತಿಕೊಂಡು 2015ರಲ್ಲಿ ದಿಬಾಕರ್ ಬ್ಯಾನರ್ಜಿ ಸಿನಿಮಾ ಮಾಡಿದರು, ಬ್ಯೋಮಕೇಶನಾಗಿ ಸುಶಾಂತ್ ಸಿಂಗ್ ರಜಪೂತ್. ಯುದ್ಧಕಾಲದ ಕಲ್ಕತ್ತೆ, ಟ್ರಾಮು, ರಕ್ತ, ರಾಕ್ ಸಂಗೀತ, ಎಲ್ಲವೂ ಇತ್ತು, ಕಣ್ಣಿಗೆ ಹಬ್ಬವೇ. ಆದರೆ ನೋಡುಗನಿಗೆ ಸಂಶಯಪಡಲು ಪುರುಸೊತ್ತು ಕೊಡಲಿಲ್ಲ. ಇನ್ನೊಮ್ಮೆ ನೋಡೋಣ ಎನ್ನಿಸುವುದು ದೂರದರ್ಶನದ ಬಡ ಮೆಸ್ಸನ್ನೇ.

ಈ ಬಡತನ ನಿರ್ದೇಶಕ ಬಾಸು ಚಟರ್ಜಿಯವರಿಗೆ ಅಭ್ಯಾಸವಾಗಿತ್ತು. ‘ಏಕ್ ರುಕಾ ಹುವಾ ಫೈಸಲಾ’ದಲ್ಲಿ ಹನ್ನೆರಡು ಜನರನ್ನು ಒಂದೇ ಕೋಣೆಯಲ್ಲಿ ಕೂಡಿಹಾಕಿ ಇಡೀ ಸಿನಿಮಾ ಮುಗಿಸಿದವರು ಅವರು. ಆ ಕೋಣೆಯಲ್ಲಿ ‘ಕರಮ್‌ಚಂದ್’ ಧಾರಾವಾಹಿಯ ಪತ್ತೇದಾರ ಪಂಕಜ್ ಕಪೂರ್ ಇದ್ದರು, ಮುಂದೆ ಅಜಿತನಾದ ಕೆ.ಕೆ. ರೈನಾ ಕೂಡ. ಹೊಡೆದಾಟಕ್ಕೆ ಜಾಗವಿಲ್ಲ, ಓಡಿಹೋಗಲು ಬಾಗಿಲಿಲ್ಲ ಎಂದಾಗ ಮಾತೇ ಸಾಕ್ಷಿಯಾಗಬೇಕು. ‘ರಾಸ್ತೆ ಕಾ ಕಾಂಟಾ’ ಕಂತನ್ನು ನೋಡಿ. ಬ್ಯೋಮಕೇಶನನ್ನು ಸೃಷ್ಟಿಸಿದ ಶರದಿಂದು ಬಂದೋಪಾಧ್ಯಾಯರು 1932ರಲ್ಲಿ ಬರೆದ ಕತೆ. ನಡುರಸ್ತೆಯಲ್ಲಿ, ಜನರ ನಡುವೆ, ಒಬ್ಬೊಬ್ಬರೇ ಬಿದ್ದು ಸಾಯುತ್ತಾರೆ. ಎದೆಯಲ್ಲಿ ಗ್ರಾಮಫೋನಿನ ಪಿನ್ನು. ಬಂದೂಕಿನ ಸದ್ದಿಲ್ಲ, ಹೊಗೆಯಿಲ್ಲ. ಜೇಬಿನಲ್ಲಿದ್ದ ಗಡಿಯಾರಕ್ಕೆ ಪಿನ್ನು ತಾಗಿ ಬದುಕುಳಿದ ಒಬ್ಬಾತ ಬ್ಯೋಮಕೇಶನ ಹತ್ತಿರ ಬರುತ್ತಾನೆ. ಆ ಹೊತ್ತಿಗೆ ಏನಾದರೂ ಸದ್ದು ಕೇಳಿಸಿತೇ ಎಂಬ ವಿಚಾರಣೆ. ರಸ್ತೆಯಲ್ಲಿ ಎಲ್ಲರೂ ದಿನಾ ಕೇಳುವ, ಕೇಳಿಯೂ ಕಿವಿಗೆ ಹಾಕಿಕೊಳ್ಳದ ಸದ್ದೇ ಸುಳಿವು. ಅದನ್ನು ಬಚ್ಚಿಟ್ಟಿಲ್ಲ, ನಮಗೂ ಕೇಳಿಸಿಬಿಟ್ಟಿದ್ದಾರೆ. ಹೀಗೆ ನೋಡುಗನಿಗೆ ಮೋಸ ಮಾಡದ ಕತೆಯನ್ನು ಮತ್ತೆ ನೋಡಿದಾಗ ಅವನಿಗೆ ತನ್ನ ದಡ್ಡತನದ ಮೇಲೆ ನಗು ಬರುತ್ತದೆ, ಕತೆಗಾರನ ಮೇಲೆ ಸಿಟ್ಟು ಬರುವುದಿಲ್ಲ. ಕೊಲೆಗಾರನ ಹೆಸರು ಮುಖ್ಯವಲ್ಲವೆಂದರೆ ಇಲ್ಲೇ ಹೇಳಿಬಿಡಿ ಎನ್ನುತ್ತೀರೇನೋ. ಹೇಳುವುದಿಲ್ಲ. ಮೊದಲ ನೋಟದ ಹಕ್ಕು ಮೊದಲ ನೋಟಕ್ಕೆ. ಅದನ್ನು ಕಳೆದುಕೊಂಡವನಿಗೆ ಎರಡನೆಯದೂ ಪೂರ್ತಿ ದಕ್ಕುವುದಿಲ್ಲ.

ಇದೆಲ್ಲ ಹಳೆಯ ಕಾಲದ ಹಂಬಲ, ಆಗ ಇದ್ದದ್ದೇ ಒಂದು ಚಾನೆಲ್ಲು, ಬಂದದ್ದನ್ನು ನೋಡಿದಿರಿ, ಈಗ ಅದನ್ನೇ ದೊಡ್ಡದು ಮಾಡುತ್ತೀರಿ ಎಂಬ ಮಾತಿದೆ. ಬಲವಾದ ಆಕ್ಷೇಪವೇ. ಆದರೆ ಅದೇ ಒಂದು ಚಾನೆಲ್ಲಿನಲ್ಲಿ ಬಂದ ನೂರೆಂಟು ಧಾರಾವಾಹಿಗಳ ಹೆಸರೂ ಇಂದು ಯಾರಿಗೂ ನೆನಪಿಲ್ಲವಲ್ಲ, ಅವಕ್ಕೇಕೆ ಹಂಬಲವಿಲ್ಲ? ಇನ್ನೊಂದು ಪುರಾವೆ ‘ಕರಮ್‌ಚಂದ್’. ಕಪ್ಪು ಕನ್ನಡಕ, ಗಜ್ಜರಿ, ಸಹಾಯಕಿ ಕಿಟ್ಟಿಗೆ ಬೈಗುಳ, 1985ರಲ್ಲಿ ಇದೆಲ್ಲ ದೇಶಕ್ಕೇ ಹುಚ್ಚು ಹಿಡಿಸಿತ್ತು. ಎರಡು ದಶಕದ ಮೇಲೆ ಅದೇ ಪಂಕಜ್ ಕಪೂರರನ್ನಿಟ್ಟುಕೊಂಡು ಸೋನಿ ಚಾನೆಲ್ಲು ಮತ್ತೆ ಮಾಡಿತು. ನೆನಪೊಂದೇ ಸಾಲುವುದಾಗಿದ್ದರೆ ಅದು ವರ್ಷಗಟ್ಟಲೆ ಓಡಬೇಕಿತ್ತು. ಓಡಲಿಲ್ಲ. ಇತ್ತ 1998ರಲ್ಲಿ ಶುರುವಾದ ‘ಸಿ.ಐ.ಡಿ.’ ಇಪ್ಪತ್ತು ವರ್ಷ ನಡೆದು ಸಾವಿರದೈನೂರು ಕಂತು ದಾಟಿತು. ಜನ ಅದನ್ನೂ ಪ್ರೀತಿಸಿದರು, ಸುಳ್ಳಲ್ಲ. ಅವರ ಬಾಯಲ್ಲಿ ಉಳಿದದ್ದು ಬಾಗಿಲು ಒಡೆಯುವ ದಯಾ. ಯಾವ ಕಂತಿನಲ್ಲಿ ಯಾರು ಯಾಕೆ ಕೊಂದರು ಎಂದು ಕೇಳಿ ನೋಡಿ, ಉತ್ತರ ಬರಲಿಕ್ಕಿಲ್ಲ. ಬ್ಯೋಮಕೇಶನ ಎರಡೂ ಸರಣಿ ಸೇರಿ ಇರುವುದು ಮೂವತ್ತನಾಲ್ಕೇ ಕಂತು, ಮತ್ತು ಅಭಿಮಾನಿಗಳು ಹೆಸರು ಹಿಡಿದು ಕರೆಯುವುದು ಕತೆಗಳನ್ನು.

ಮೂಲ ಕತೆಗೆ ನಿಷ್ಠೆ ಎಂದರೆ ಗಿಳಿಪಾಠವಲ್ಲವೇ ಎಂಬುದು ಓದಿದವರ ತಕರಾರು. ಬ್ರಿಟನ್ನಿನ ಉದಾಹರಣೆ ಉತ್ತರ ಕೊಡುತ್ತದೆ. 1984ರಿಂದ ಹತ್ತು ವರ್ಷ ಟಿ.ವಿ.ಯಲ್ಲಿ ಪತ್ತೇದಾರ ಹೋಮ್ಸ್ ಆಗಿದ್ದ ಜೆರೆಮಿ ಬ್ರೆಟ್ ಮೂಲ ಕತೆಗಳಿಂದ ಪಾತ್ರದ ರೂಢಿಗಳನ್ನು ಹೆಕ್ಕಿ ಮಾಡಿದ ಪಟ್ಟಿಯೊಂದನ್ನು ಜೊತೆಗಿಟ್ಟುಕೊಂಡಿದ್ದರು. 1989ರಿಂದ 2013ರವರೆಗೆ 70 ಕಂತುಗಳಲ್ಲಿ ಪತ್ತೇದಾರ ಪ್ವಾರೋ ಆದ ಡೇವಿಡ್ ಸುಶೆ ಅವರದೂ ಅಂಥದೇ ಪಟ್ಟಿ, ಕಾಫಿಗೆ ಎಷ್ಟು ಸಕ್ಕರೆ ಎಂಬಲ್ಲಿಯವರೆಗೆ. ಗಿಳಿ ಹೀಗೆ ಮಾಡುವುದಿಲ್ಲ. ಕತೆಯ ಸುಳಿವಿನ ಸರಪಳಿ ಎಲ್ಲಿ ಎಳೆದರೆ ಎಲ್ಲಿ ಕಡಿಯುತ್ತದೆಂದು ಬಲ್ಲವನು ಮಾತ್ರ ಎಲ್ಲಿ ಬದಲಿಸಬಹುದೆಂದೂ ಬಲ್ಲ. ದೂರದರ್ಶನದಲ್ಲಿ ಬ್ಯೋಮಕೇಶನಾದ ರಜಿತ್ ಕಪೂರ್ ಕೂಡ ಅವನನ್ನು ಬುದ್ಧಿಯ ಯಂತ್ರ ಮಾಡಲಿಲ್ಲ. ಸತ್ಯವತಿಯ ಗಂಡ, ಅಜಿತನ ಗೆಳೆಯ, ಧೋತರ ಉಟ್ಟು ಚಹಾ ಕುಡಿಯುವ ಸಂಸಾರಸ್ಥ ಮಾಡಿದರು. ಕಂತುಗಳೆಲ್ಲ ಒಂದೇ ಮಟ್ಟದಲ್ಲಿವೆ ಎನ್ನಲಾರೆ. ಕೆಲವು ಕಡೆ ಕೊನೆಯ ವಿವರಣೆ ಪಾಠದಂತೆ ಉದ್ದವಾಗುತ್ತದೆ, ಚಿಲ್ಲರೆ ಪಾತ್ರಗಳ ನಟನೆ ಒಣ ಒಣ.

ಪುರುಷೋತ್ತಮನಿಗೆ ಕನ್ನಡ ಟಿ.ವಿ.ಯಲ್ಲಿ ಇಂಥ ಯೋಗ ಕೂಡಿ ಬರಲಿಲ್ಲವಲ್ಲ ಎಂಬುದೊಂದು ಕೊರಗು. ಐನೂರಕ್ಕೂ ಹೆಚ್ಚು ಕಾದಂಬರಿಗಳ ರಾಶಿ ನರಸಿಂಹಯ್ಯನವರದು. ಅದರಲ್ಲಿ ಗಟ್ಟಿ ಕಟ್ಟಡವಿರುವ ಹದಿನೈದು ಇಪ್ಪತ್ತು ಆರಿಸಿದರೂ ಸಾಕು. ವರ್ಷಗಟ್ಟಲೆ ಎಳೆಯಬೇಡಿ, ಒಂದು ಕತೆಗೆ ಒಂದೋ ಎರಡೋ ಕಂತು, ನಾಲ್ಕು ಕೋಣೆ, ಹತ್ತು ಒಳ್ಳೆಯ ನಟರು. ಕಲಬುರಗಿಯ ರಂಗತಂಡಗಳ ನಟರನ್ನು ತಂದು ಈ ಕಡೆಯ ಕನ್ನಡವನ್ನೇ ಆಡಿಸಿದರೆ ಇನ್ನೂ ಚಂದ, ನಮ್ಮ ಟಿ.ವಿ.ಯಲ್ಲಿ ಈ ಕನ್ನಡವನ್ನು ನಗಿಸಲಿಕ್ಕೆ ಬಳಸಿದ್ದೇ ಹೆಚ್ಚು. ದೂರದರ್ಶನದ ಕನ್ನಡ ವಾಹಿನಿ ಚಂದನದವರು ಮನಸ್ಸು ಮಾಡಲಿ. ಅಲ್ಲಿಯವರೆಗೆ ಬ್ಯೋಮಕೇಶ ಯೂಟ್ಯೂಬಿನಲ್ಲಿ ಸಿಗುತ್ತಾನೆ. ಹೊಸಬರು ‘ಸತ್ಯಾನ್ವೇಷಿ’ಯಿಂದ ಶುರು ಮಾಡಿ, ಒಂದು ವಾರ ಬಿಟ್ಟು ಅದನ್ನೇ ಮತ್ತೆ ನೋಡಿ, ಆ ಸಲ ಬ್ಯೋಮಕೇಶನನ್ನು ಬಿಟ್ಟು ಉಳಿದವರನ್ನು ನೋಡಿ.