ಬೆಳ್ಳಿಯ ತಂತಿಯ ಮೇಲೆ ಬೆಳಕು

ಚಿಕ್ಕಮಗಳೂರಿನಿಂದ ಮೂಡಿಗೆರೆಯವರೆಗಿನ ಸುಮಾರು 30 ಕಿಲೋಮೀಟರು ದೂರವನ್ನು ಉತ್ತಮ ಗಾಜಿನ ತಂತುವಿನಲ್ಲಿ ಕ್ರಮಿಸುವ ಅವರಕ್ತ ಬೆಳಕು, ನಡುವೆ ಮರವುರುಳಿ ತಂತು ತುಂಡಾಗದಿದ್ದ ಪಕ್ಷದಲ್ಲಿ (ನಮ್ಮ ಆಷಾಢದಲ್ಲಿ ಇದೇನು ಸಣ್ಣ ಷರತ್ತಲ್ಲ), ತನ್ನ ಬಲದ ಕಾಲುಭಾಗವನ್ನಾದರೂ ಉಳಿಸಿಕೊಂಡು ತಲುಪುವುದು. ಇಂಥ ಗಾಜನ್ನು ಬಿಟ್ಟು, ಬೆಳಕನ್ನು ನುಂಗುವ ಲೋಹದ ಮೇಲೆಯೇ ಅದನ್ನು ನಡೆಸಹೊರಟವರ ಸಾಹಸವನ್ನು ತೂಗಿ ನೋಡುವುದಕ್ಕೆ, ಆಸ್ಟ್ರಿಯದ ಗ್ರಾಟ್ಸ್ ನಗರದ ಡಿಟ್ಲ್‌ಬಾಖರ್, ಕ್ರೆನ್ ಮೊದಲಾದ ವಿಜ್ಞಾನಿಗಳು 2005ರಲ್ಲಿ ಪ್ರಕಟಿಸಿದ ಪ್ರಯೋಗವು ತಕ್ಕುದಾಗಿದೆ.

ಅವರ ಬೆಳ್ಳಿಯ ತಂತಿಯ ಉದ್ದ 18.6 ಮೈಕ್ರೋಮೀಟರು, ದಪ್ಪ ಸುಮಾರು 120 ನ್ಯಾನೋಮೀಟರು. ಅದರ ಒಂದು ತುದಿಗೆ 785 ನ್ಯಾನೋಮೀಟರು ಅಲೆಯುದ್ದದ ಲೇಸರನ್ನು ಹಾಯಿಸಿದಾಗ, ಬೆಳ್ಳಿಯ ಇಲೆಕ್ಟ್ರಾನುಗಳು ಬೆಳಕಿನೊಡನೆ ಕೂಡಿ ತುಯ್ದಾಡಿದುದರಿಂದ ಹುಟ್ಟಿದ ಮೇಲ್ಮೈ ಪ್ಲಾಸ್ಮಾನ್ ಎಂಬ ಅಲೆಯು, ಸಿಲ್ವರ್ ಓಕ್ ಮರವನ್ನು ತಬ್ಬಿ ಏರುವ ಮೆಣಸಿನ ಬಳ್ಳಿಯಂತೆ ಲೋಹದ ಹೊರಮೈಯನ್ನು ಬಿಡದೆ ಸಾಗಿ, ಲೇಸರು ಸೋಕದ ಇನ್ನೊಂದು ಕೊನೆಯಲ್ಲಿ ಪುನಃ ಬೆಳಕಾಗಿ ಹೊಮ್ಮಿತು. ಸೂಕ್ಷ್ಮದರ್ಶಕದಲ್ಲಿ ಕಂಡದ್ದು ಕತ್ತಲೆಯ ನಡುವೆ ಒಂದು ಚುಕ್ಕಿ, ಅಷ್ಟೆ. ಆದರೆ ಆ ಅಲೆಯ ಉದ್ದವು ಲೇಸರಿನ ಅಲೆಯ ಸುಮಾರು ಅರ್ಧಕ್ಕೆ ಕುಗ್ಗಿತ್ತು. ಬೆಳಕನ್ನು ಅಷ್ಟು ಇಕ್ಕಟ್ಟಿನಲ್ಲಿ ಹಿಡಿದಿಡುವುದು ಗಾಜಿಗೆ ಸಾಧ್ಯವಿಲ್ಲ. ಈ ಪ್ರಯೋಗದ ನಿಜವಾದ ಸತ್ವವನ್ನು ನಾನು ಕಾಣುವುದು ಲೋಹದ ಆಯ್ಕೆಯಲ್ಲಿ: ಬೆಳ್ಳಿಯ ಆವಿಯನ್ನು ಕೂರಿಸಿ ಮಾಡಿದ ತಂತಿಯಲ್ಲಿ ಕಣಕಣಗಳ ಸಂದಿಗಳಲ್ಲಿ ಇಲೆಕ್ಟ್ರಾನುಗಳು ಚದರಿ ಬೆಳಕು ಬೇಗನೆ ಶಾಖವಾಗಿ ವ್ಯರ್ಥವಾಗುವುದೆಂಬುದನ್ನು ಅರಿತು, ರಾಸಾಯನಿಕ ದ್ರವದಲ್ಲಿ ನಯವಾಗಿ ಬೆಳೆದ ಸ್ಫಟಿಕದ ತಂತಿಯನ್ನೇ ಅವರು ಬಳಸಿದರು.

ಇಷ್ಟಾದರೂ, ಸುಮಾರು 10 ಮೈಕ್ರೋಮೀಟರು ಸಾಗುವಷ್ಟರಲ್ಲಿ ಅಲೆಯ ಬಲದಲ್ಲಿ ಉಳಿದದ್ದು ಮೂರನೆಯ ಒಂದು ಪಾಲಿಗಿಂತ ತುಸು ಹೆಚ್ಚು. ಅಲೆಯನ್ನು ಇನ್ನೂ ಬಿಗಿಹಿಡಿಯಹೋದಷ್ಟೂ ಅದು ಲೋಹದೊಳಕ್ಕೆ ಹೆಚ್ಚು ನುಗ್ಗಿ ಬೇಗನೆ ನಶಿಸುವುದರಿಂದ, ಈ ನಷ್ಟವು ಕೈಚಳಕದ ಕೊರತೆಯಲ್ಲ, ಲೋಹದ ಸ್ವಭಾವವೇ ಸರಿ. ಆದ್ದರಿಂದ, ಬೆಳಕು ಸಾಗಿಸುವ ಇಂಥ ತಂತಿಗಳಿಂದ ಕಂಪ್ಯೂಟರಿನ ತಾಮ್ರದ ತಂತಿಗಳ ಕಾಲ ಮುಗಿಯಿತೆಂದು ಆ ದಿನಗಳಲ್ಲಿ ಎದ್ದ ಘೋಷಣೆಗಳು ಅತ್ಯುಕ್ತಿಯೆಂದೇ ನನ್ನ ಎಣಿಕೆ.

ಬೆಂಗಳೂರಿನ ಜಕ್ಕೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಡಾಕ್ಟರೇಟ್ ಪಡೆದು ಪುಣೆಯ ಐಸರ್ ವಿಜ್ಞಾನ ಸಂಸ್ಥೆಯನ್ನು ಸೇರಿದ ಜಿ. ವಿ. ಪವನ್ ಕುಮಾರರ ಬಳಗವು ಇಂಥದೇ ತಂತಿಗಳನ್ನು ಹೆಚ್ಚು ವಿವೇಕದಿಂದ ದುಡಿಸಿಕೊಂಡಿದೆ. ಲೇಸರು ಬೀಳುವುದು ಒಂದೆಡೆ, ಪರೀಕ್ಷಿಸಬೇಕಾದ ಅಣುಗಳಿರುವುದು ಇನ್ನೊಂದೆಡೆ. ನಡುವಣ ಕೆಲವು ಮೈಕ್ರೋಮೀಟರುಗಳನ್ನು ತಂತಿ ದಾಟಿಸುತ್ತದೆ, ಅಣುಗಳು ತಮ್ಮ ಗುರುತನ್ನು ರಾಮನ್ ಚದರಿಕೆಯ, ಎಂದರೆ ಬಣ್ಣ ಬದಲಾಗಿ ಚದರುವ ಬೆಳಕಿನ, ಮೂಲಕ ತಿಳಿಸುತ್ತವೆ. ಇಲ್ಲಿ ದೂರದ ಹಂಗಿಲ್ಲವಾದ್ದರಿಂದ ನಷ್ಟದ ಕಾಟವೂ ಅಷ್ಟಿಲ್ಲ. ಬೆಳ್ಳಿಯ ತಂತಿಗೆ ಸಲ್ಲಬೇಕಾದ ಮನ್ನಣೆ ಈ ಕೆಲಸಕ್ಕೇ ಹೊರತು, ಬೆಳಕಿನ ಹೆದ್ದಾರಿಯೆಂಬ ಬಿರುದಿಗಲ್ಲ.