ಚಿತ್ರತುರಗನ್ಯಾಯವೂ ಬ್ಯಾಸ್ಕೆಟ್‌ಬಾಲ್ ವಿಡಿಯೋ ಆಟಗಳ ದೃಶ್ಯರೂಪವೂ

ನಟನನ್ನು ರಾಮನೆಂದು ಕಾಣುವ ಪ್ರೇಕ್ಷಕನ ಅರಿವು ಸಮ್ಯಗ್‌ಜ್ಞಾನವಲ್ಲ, ಮಿಥ್ಯೆಯಲ್ಲ, ಸಂಶಯವಲ್ಲ, ಸಾದೃಶ್ಯವೂ ಅಲ್ಲ. ಚಿತ್ರದಲ್ಲಿರುವ ಕುದುರೆಯನ್ನು ಕುದುರೆಯೆಂದು ಗ್ರಹಿಸುವಂಥ ವಿಲಕ್ಷಣವಾದ ಪ್ರತೀತಿ ಎಂಬುದು ಶ್ರೀಶಂಕುಕನ ಮತವೆಂದು ‘ಅಭಿನವಭಾರತಿ’ಯಿಂದ ತಿಳಿದುಬರುತ್ತದೆ. ತೀ. ನಂ. ಶ್ರೀಕಂಠಯ್ಯನವರ ‘ಭಾರತೀಯ ಕಾವ್ಯಮೀಮಾಂಸೆ’ಯನ್ನು (1953) ಓದಿದವರಿಗೆ ಈ ವಾದವು ಪರಿಚಿತವೇ. ಭಟ್ಟತೌತನು ಇದನ್ನು ಖಂಡಿಸಿದ್ದರೂ, ಪ್ರಕೃತ ವಿಷಯಕ್ಕೆ ಇದಕ್ಕಿಂತ ತಕ್ಕ ಒರೆಗಲ್ಲು ನಮಗೆ ದೊರೆತಿಲ್ಲ.

1978ರ ಅಟಾರಿ ‘ಬ್ಯಾಸ್ಕೆಟ್‌ಬಾಲ್’ನಲ್ಲಿ ಆಟಗಾರನೆಂದರೆ ಕೆಲವು ಚೌಕಗಳ ರಾಶಿ. ಆದರೂ ಅಂಕಣವನ್ನು ಹಿಂದಕ್ಕೆ ಕಿರಿದಾಗುವಂತೆ ಬರೆದು ಆಳವನ್ನು ಸೂಚಿಸಿದ್ದರು. 1993ರ ‘ಎನ್‌ಬಿಎ ಜ್ಯಾಮ್’ ಛಾಯಾಚಿತ್ರಗಳಿಂದ ಆಟಗಾರರನ್ನು ರೂಪಿಸಿತು. ಒಬ್ಬನೇ ಸತತವಾಗಿ ಮೂರು ಸಲ ಬುಟ್ಟಿಗೆ ಹಾಕಿದರೆ ಚೆಂಡಿಗೆ ಬೆಂಕಿ ಹೊತ್ತಿಕೊಳ್ಳುತ್ತಿತ್ತು. ಅದನ್ನು ನಿಜವೆಂದವರಿಲ್ಲ, ಸುಳ್ಳೆಂದು ದೂರಿದವರೂ ಇಲ್ಲ. ಇದೇ ಚಿತ್ರದ ಕುದುರೆ.

1999ರಲ್ಲಿ ಆರಂಭವಾದ ‘ಎನ್‌ಬಿಎ 2ಕೆ’ ಮಾಲೆಯ ಗುರಿ ಬೇರೆ. ಬೆವರು, ಅಂಗಿಯ ಮಡಿಕೆ, ನೆಲದ ಪ್ರತಿಬಿಂಬ, ಅಂಕಪಟ್ಟಿ, ಮರುಪ್ರದರ್ಶನ, ವೀಕ್ಷಕವಿವರಣೆ – ಇವೆಲ್ಲವೂ ದೂರದರ್ಶನದ ಪ್ರಸಾರದಿಂದ ಬಂದವು. ಇಲ್ಲಿ ಅನುಕರಣಕ್ಕೆ ಒಳಗಾದದ್ದು ಆಟವಲ್ಲ, ಆಟದ ಪ್ರಸಾರ ಎನ್ನಬೇಕಾಗಿದೆ. ಪರಿಣಾಮವಾಗಿ ಶಂಕುಕನು ಬದಿಗಿರಿಸಿದ ಸಾದೃಶ್ಯವೇ ಮೇಲುಗೈ ಪಡೆಯುತ್ತದೆ: ಮುಖ ಹೋಲುತ್ತದೆಯೇ, ಇಲ್ಲವೇ? 2014ರ ಆವೃತ್ತಿಯಲ್ಲಿ ಆಡುವವನ ಮುಖವನ್ನೇ ಕ್ಯಾಮೆರಾದಿಂದ ಗ್ರಹಿಸುವ ಏರ್ಪಾಡು ಬಂದಾಗ ಹಲವರ ಮುಖ ವಿಕಾರವಾಗಿ ಮೂಡಿ ನಗೆಗೀಡಾಯಿತು. ಚೌಕಗಳ ಆಟಗಾರನಿಗೆ ಈ ಅಪಾಯವಿರಲಿಲ್ಲ!

ಇದಕ್ಕಿಂತ ಗುರುತರವಾದ ಆಕ್ಷೇಪವೊಂದಿದೆ. ಎಸೆಯುವಾಗ ಆಟಗಾರನ ಪಕ್ಕದಲ್ಲಿ ಒಂದು ಮಾಪಕಪಟ್ಟಿ ಏರುತ್ತದೆ. ಸರಿಯಾದ ಕ್ಷಣದಲ್ಲಿ ಗುಂಡಿಯನ್ನು ಬಿಡಬೇಕು. ಕಣ್ಣು ಪಟ್ಟಿಯ ಮೇಲೆ ನೆಟ್ಟಿರುವಾಗ ಆ ಬೆವರನ್ನು ನೋಡುವವರಾರು? ಆದರೆ ಪಟ್ಟಿಯನ್ನು ಮರೆಮಾಡುವ ಅವಕಾಶವೂ ಉಂಟು. ಆಗ ಜಿಗಿತದ ಎತ್ತರ, ಮೊಣಕೈಯ ಏರಿಕೆ, ಮಣಿಕಟ್ಟಿನ ತಿರುವು ಇವುಗಳಿಂದಲೇ ಕಾಲವನ್ನರಿಯಬೇಕು. ಶಂಕುಕನ ಮಾತಿನಲ್ಲಿ ಇವು ಅನುಭಾವಗಳು, ಇವುಗಳಿಂದ ಅನುಮಿತಿ. ಚಿತ್ರವು ಅಲಂಕಾರವಾಗಿ ನಿಲ್ಲದೆ ಅರ್ಥವಾಗುವುದು ಈ ಸ್ಥಿತಿಯಲ್ಲಿ ಮಾತ್ರ ಎಂದು ನಮ್ಮ ಅಭಿಪ್ರಾಯ.

ಈ ಉದ್ಯಮವು ನಮ್ಮ ನಾಡಿಗೆ ಹೊರತಾದುದಲ್ಲ. 1997ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ಧ್ರುವ ಇಂಟರ್‌ಆ್ಯಕ್ಟಿವ್ ವಿದೇಶದ ಆಟಗಳಿಗೆ ಚಿತ್ರಗಳನ್ನು ರಚಿಸಿಕೊಟ್ಟ ಸಂಸ್ಥೆ. 2019ರಲ್ಲಿ ಅದನ್ನು ಕೊಂಡ ರಾಕ್‌ಸ್ಟಾರ್ ಗೇಮ್ಸ್, ‘2ಕೆ’ಯ ಒಡೆತನವುಳ್ಳ ಟೇಕ್-ಟೂ ಸಮೂಹಕ್ಕೇ ಸೇರಿದೆ.

ಹನೂರು ತಾಲ್ಲೂಕಿನ ಲೊಕ್ಕನಹಳ್ಳಿಯಂಥ ಊರಿನ ವಿದ್ಯಾರ್ಥಿಗೆ ಈ ಆಟಗಳು ಕೈಗೆಟುಕುವುದು ಬಹುಮಟ್ಟಿಗೆ ಮೊಬೈಲಿನಲ್ಲಿ. ಅಂಗೈಯಗಲದ ಪರದೆಯಲ್ಲಿ ಬೆವರಹನಿ ಕಾಣದು. ಉಳಿಯುವುದು ಆಕೃತಿಯ ಹೊರರೇಖೆ, ಅಂಗಿಯ ಬಣ್ಣ, ನಿಲುವು. ನಮ್ಮ ತೊಗಲುಗೊಂಬೆಯ ಕಲಾವಿದರು ಇಷ್ಟನ್ನೇ ನಂಬಿ, ಪಾತ್ರದ ಅಂತಸ್ತಿಗೆ ತಕ್ಕಂತೆ ಗೊಂಬೆಯ ಗಾತ್ರವನ್ನು ಹಿಗ್ಗಿಸಿ ಕುಗ್ಗಿಸಿ, ದೂರದಲ್ಲಿ ಕುಳಿತವನಿಗೂ ಅರಸನಾರು ಸೇವಕನಾರು ಎಂಬುದನ್ನು ತೋರಿಸಿದರು. ಕಿರುಪರದೆಯ ಚಿತ್ರಕಾರರು ಈ ಔಚಿತ್ಯವನ್ನು ಇನ್ನೂ ಸಾಧಿಸಿಲ್ಲ. ಗುಂಡಿಗಳನ್ನು ಚಿತ್ರದ ಮೇಲೆಯೇ ಇರಿಸಿರುವುದರಿಂದ ಆಡುವವನ ಹೆಬ್ಬೆರಳು ಅಂಕಣದ ಕೆಳಮೂಲೆಯನ್ನು ಮುಚ್ಚುತ್ತದೆ; ಮೂರಂಕದ ಎಸೆತಕ್ಕೆ ಅತ್ಯಂತ ಸಮೀಪದ ಸ್ಥಾನ, 22 ಅಡಿಯ ದೂರದ್ದು, ಆ ಮೂಲೆಯೇ.