ಎಸಳಿಗೆ ಎಷ್ಟು ಬಣ್ಣ?

ಮುದ್ದೇನಹಳ್ಳಿಯ ಆಸುಪಾಸಿನಲ್ಲಿ ಸೇವಂತಿಗೆ, ಗುಲಾಬಿ ಬೆಳೆಯುವವರಿಗೆ ಗೊತ್ತು: ಯಾವ ಎಸಳೂ ಬುಡದಿಂದ ತುದಿಯವರೆಗೆ ಒಂದೇ ಬಣ್ಣದ್ದಲ್ಲ. ಬುಡದಲ್ಲಿ ಹಸಿರು ಛಾಯೆ, ನಡುವೆ ತಿಳಿ, ಅಂಚಿನಲ್ಲಿ ಗಾಢ. ಕೇಕಿನ ಮೇಲೆ ಕೂರುವ ಸಕ್ಕರೆ ಹೂವನ್ನು ನಾನು ನೋಡುವುದೂ ಈ ಕಣ್ಣಿನಿಂದಲೇ.

ಸಕ್ಕರೆ ಹೂವಿನ ಹಿಟ್ಟಾದ ಗಮ್ ಪೇಸ್ಟ್ ನಾದುವಾಗಲೇ ಗಾಢ ಬಣ್ಣ ಕಲಸಿಬಿಟ್ಟರೆ ಹೂವು ಪ್ಲಾಸ್ಟಿಕ್ಕಿನದಾಗುತ್ತದೆ. ಬಲ್ಲವರು ಹಾಗೆ ಮಾಡುವುದಿಲ್ಲ. ಪೇಲವ ಬಣ್ಣದ ಹಿಟ್ಟನ್ನು ತೆಳ್ಳಗೆ ಲಟ್ಟಿಸಿ, ಎಸಳು ಕತ್ತರಿಸಿ, ಒಣಗಿಸಿ, ಆಮೇಲೆ ಒಣ ಬ್ರಷ್ಷಿನಿಂದ ಪೆಟಲ್ ಡಸ್ಟ್ ಎಂಬ ಬಣ್ಣದ ಪುಡಿ ಸವರುತ್ತಾರೆ. ಬ್ರಷ್ ಅಂಚಿನಿಂದ ಒಳಕ್ಕೆ ಸಾಗಬೇಕು. ಆಗ ಬಣ್ಣ ತಾನಾಗಿ ತೆಳುವಾಗುತ್ತ ಹೋಗುತ್ತದೆ. ಕೊನೆಗೆ ಕೆಲವು ಕ್ಷಣ ಹಬೆ ತೋರಿಸಿದರೆ ಪುಡಿ ಕೂರುತ್ತದೆ. ಹಬೆ ಹೆಚ್ಚಾದರೆ ಸಕ್ಕರೆಯೇ ಕರಗಿ ಎಸಳು ಜೋತುಬೀಳುತ್ತದೆ. ಹೊಳಪಿಲ್ಲದ ಈ ಪುಡಿಯ ಸೊಗಸು, ನಂದಿ ಕಡೆಯ ಬೆಂಗಳೂರು ನೀಲಿ ದ್ರಾಕ್ಷಿಯ ಮೇಲಿನ ಬೂದಿಪೊರೆಯಂಥದ್ದು. ಬಣ್ಣವನ್ನು ಮುಚ್ಚದೆ ಮೃದುವಾಗಿಸುತ್ತದೆ.

ಮಿಂಚುವ ಲಸ್ಟರ್ ಡಸ್ಟ್ ಬಗ್ಗೆ ಈ ಮಾತು ಹೇಳಲಾರೆ. ಅದರಲ್ಲಿನ ಅಭ್ರಕದ ಕಣಗಳು ಬೆಳಕನ್ನು ಪುಟ್ಟ ಕನ್ನಡಿಗಳಂತೆ ಎಸೆಯುತ್ತವೆ. ಎಸಳಿನ ನರ, ಮಡಿಕೆ ಕಣ್ಣಿಗೆ ಸಿಗುವುದೇ ಇಲ್ಲ. ಸಂಕ್ರಾಂತಿಯ ಸಕ್ಕರೆ ಅಚ್ಚಿನ ಚೆಲುವೆಲ್ಲ ಮರದ ಅಚ್ಚಿನಲ್ಲಿ ಕೆತ್ತಿದ ಗೆರೆಗಳಲ್ಲಿದೆ. ಅದರ ಮೇಲೂ ಹೊಳಪು ಸವರಿದರೆ ಗಿಣಿಯ ರೆಕ್ಕೆ ಯಾವುದು, ಮೈ ಯಾವುದು ತಿಳಿಯದು. ಬೆಂಗಳೂರಿನಲ್ಲಿ ವರ್ಷದ ಕೊನೆಗೆ ನಡೆಯುವ ಕೇಕ್ ಪ್ರದರ್ಶನದಲ್ಲಿ ಜನ ಮುಗಿಬೀಳುವುದು ಸಕ್ಕರೆಯ ಕಟ್ಟಡಗಳ ಮುಂದೆ. ಅಲ್ಲಿ ಚಿನ್ನದ ಹೊಳಪಿಗೆ ಜಾಗವಿದೆ. ಹೂವಿಗೆ ಅದು ಬೇಡ.

ರುಚಿಭೇದವಷ್ಟೇ ಆಗಿದ್ದರೆ ಇಷ್ಟು ಒತ್ತಿ ಹೇಳುತ್ತಿರಲಿಲ್ಲ. ಅಮೆರಿಕದ ರೋಡ್ ಐಲೆಂಡ್‌ನಲ್ಲಿ 2018ರಲ್ಲಿ ಚಿನ್ನದ ಬಣ್ಣದ ಪುಡಿ ಹಚ್ಚಿದ ಹುಟ್ಟುಹಬ್ಬದ ಕೇಕ್ ತಿಂದ ಆರು ಮಕ್ಕಳು ವಾಂತಿ ಮಾಡಿಕೊಂಡರು. ಆ ಪುಡಿಯಲ್ಲಿದ್ದದ್ದು ತಾಮ್ರ. ಮರುವರ್ಷ ಮಿಸೌರಿಯಲ್ಲಿ ಒಂದು ವರ್ಷದ ಮಗುವಿನ ರಕ್ತದಲ್ಲಿ ಸೀಸ ಸಿಕ್ಕಿತು. ಮೊದಲ ಹುಟ್ಟುಹಬ್ಬದ ಕೇಕಿಗೆ ಬಳಸಿದ್ದ ಹಳದಿ ಪೆಟಲ್ ಡಸ್ಟ್‌ನ ಕಾಲು ಭಾಗ ಸೀಸವೇ ಆಗಿತ್ತು. ಅಂದರೆ ನಾನು ಮೆಚ್ಚುವ ಹೊಳಪಿಲ್ಲದ ಪುಡಿಯೂ ನಿರಪರಾಧಿಯಲ್ಲ. ನಮ್ಮ ಕರ್ನಾಟಕದಲ್ಲೂ 2024ರಲ್ಲಿ ಆಹಾರ ಸುರಕ್ಷತಾ ಇಲಾಖೆ ಪರೀಕ್ಷಿಸಿದ 235 ಕೇಕ್ ಮಾದರಿಗಳಲ್ಲಿ 12 ಅಸುರಕ್ಷಿತವೆಂದು ಗೊತ್ತಾಯಿತು; ಕಾರಣ ಕೃತಕ ಬಣ್ಣಗಳು.

ಡಬ್ಬಿಯ ಮೇಲೆ 'ವಿಷರಹಿತ' ಎಂದಷ್ಟೇ ಬರೆದಿದ್ದರೆ ಅದು ತಿನ್ನುವ ಪುಡಿ ಎಂದಾಗುವುದಿಲ್ಲ. ಒಳಗೆ ಏನೇನಿದೆ ಎಂಬ ಪಟ್ಟಿ, ಆಹಾರ ಪರವಾನಗಿ ಸಂಖ್ಯೆ ಎರಡೂ ಇರಬೇಕು. ಕೇವಲ ಅಲಂಕಾರಕ್ಕೆಂದು ಮಾಡಿದ ಹೂವನ್ನು, ತಂತಿಯ ಹೂವನ್ನಂತೂ, ಕೇಕ್ ಕತ್ತರಿಸುವ ಮೊದಲೇ ತೆಗೆದಿಡಬೇಕೆಂದು ಬೇಕರಿಯವರು ಗಿರಾಕಿಗೆ ಬಾಯಿಬಿಟ್ಟು ಹೇಳಬೇಕು. ಹೂವಿನ ಚೂರಿಗೆ ಮೊದಲು ಕೈಚಾಚುವವರು ಮಕ್ಕಳು.